ಮನೆ, ಕೊಟ್ಟಿಗೆ, ಹೋಟೆಲಿನ ನೊಣ ನಿಯಂತ್ರಣ: ಹಾಸನ–ಚಿಕ್ಕಮಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಕಾಫಿ ಅರಳಿಸುವ ಹೂಮಳೆ ಬಿದ್ದು ಹಲಸು ಹಣ್ಣಾಗುವ ಹೊತ್ತಿಗೆ ನಮ್ಮ ಎರಡೂ ಜಿಲ್ಲೆಗಳಲ್ಲಿ ನೊಣದ ಕಾಟ ಶುರುವಾಗುತ್ತದೆ. ಮುಂಗಾರು ಹಿಡಿದ ಮೇಲೆ ಸಕಲೇಶಪುರ, ಮೂಡಿಗೆರೆ ಕಡೆ ಅವು ಮನೆಯೊಳಗೇ ಸೇರಿಕೊಳ್ಳುತ್ತವೆ. ಕಾಫಿ ಹಣ್ಣು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಬೀಳುವ ನವೆಂಬರ್‌ನಿಂದ ಜನವರಿವರೆಗೆ ಮತ್ತೊಂದು ಸುತ್ತು. ಆಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಅಂಗಡಿಯಿಂದ ಸ್ಪ್ರೇ ತರುವುದು. ಎರಡು ದಿನ ಕಡಿಮೆಯಾದಂತೆ ಕಂಡು, ಮೂರನೆಯ ದಿನ ಮತ್ತೆ ಅಷ್ಟೇ ನೊಣ.

ಇದಕ್ಕೆ ಕಾರಣವಿದೆ. ಹಾರಾಡುವ ನೊಣ ಸತ್ತರೂ ಅದರ ಮೊಟ್ಟೆ, ಹುಳು, ಕೋಶಗಳು (ಹುಳು ನೊಣವಾಗುವ ಮುನ್ನ ಸೇರುವ ಗಟ್ಟಿ ಕವಚ) ಎಲ್ಲೋ ಒಂದು ಒದ್ದೆ ಜಾಗದಲ್ಲಿ ಬೆಳೆಯುತ್ತಲೇ ಇರುತ್ತವೆ. ಆ ಜಾಗ ಬಹುತೇಕ ನಿಮ್ಮ ಕಾಂಪೌಂಡಿನೊಳಗೆ ಅಥವಾ ಪಕ್ಕದ ಜಾಗದಲ್ಲೇ ಇರುತ್ತದೆ. ಮೊದಲು ಅದನ್ನು ಹುಡುಕಿ ಕೆಡಿಸಬೇಕು, ಆಮೇಲೆ ನೊಣ ಒಳಬರದಂತೆ ತಡೆಯಬೇಕು, ಉಳಿದವನ್ನು ಕೊನೆಗೆ ಹಿಡಿಯಬೇಕು ಅಥವಾ ಕೊಲ್ಲಬೇಕು. ಈ ಅನುಕ್ರಮ ತಪ್ಪಿದರೆ ಎಷ್ಟು ದುಡ್ಡು ಸುರಿದರೂ ಫಲವಿಲ್ಲ.

ನೊಣದ ಲೆಕ್ಕಾಚಾರ

ಮನೆನೊಣ ಒಂದು ಸಲಕ್ಕೆ 75ರಿಂದ 150 ಮೊಟ್ಟೆ ಇಡುತ್ತದೆ. ಜೀವಮಾನದಲ್ಲಿ ಹೀಗೆ ನಾಲ್ಕಾರು ಸಲ. ಮೊಟ್ಟೆ ಒಂದೇ ದಿನದೊಳಗೆ ಒಡೆದು ಬಿಳಿ ಹುಳುವಾಗುತ್ತದೆ. ಹುಳು ನಾಲ್ಕರಿಂದ ಏಳು ದಿನ ಸಗಣಿ, ಕೊಳೆತ ಹಣ್ಣು, ಮುಸುರೆಯಲ್ಲಿ ತಿಂದು ಬೆಳೆಯುತ್ತದೆ. ಆಮೇಲೆ ಒದ್ದೆ ಜಾಗ ಬಿಟ್ಟು ಒಣಗಿದ ಅಂಚಿಗೆ ತೆವಳಿ ಬಂದು ಕೋಶವಾಗುತ್ತದೆ. ಭತ್ತದ ಕಾಳಿಗಿಂತ ತುಸು ಚಿಕ್ಕದಾದ ಕಂದು ಕೋಶಗಳು ತಿಪ್ಪೆಯ ಅಂಚಿನ ಸಡಿಲ ಮಣ್ಣಿನಲ್ಲಿ ಸಿಕ್ಕರೆ ಅಲ್ಲಿ ನೊಣ ಹುಟ್ಟುತ್ತಿದೆ ಎಂದೇ ಅರ್ಥ.

ಏಪ್ರಿಲ್–ಮೇ ತಿಂಗಳಲ್ಲಿ ಅರಸೀಕೆರೆ, ಕಡೂರಿನ ಬಿಸಿಲಿಗೆ ಈ ಚಕ್ರ ಎಂಟು–ಹತ್ತು ದಿನದಲ್ಲಿ ಮುಗಿಯುತ್ತದೆ. ಮಲೆನಾಡಿನ ಮಳೆಗಾಲದ ತಂಪಿನಲ್ಲಿ ಎರಡು–ಮೂರು ವಾರ ಹಿಡಿಯುತ್ತದೆ. ಹುಳು ಕೋಶವಾಗುವ ಮೊದಲೇ ಅದರ ಜಾಗ ಕದಡಬೇಕಾದ್ದರಿಂದ, ಈ ಮಾರ್ಗದರ್ಶಿಯಲ್ಲಿ ಬೇರೆ ಅವಧಿ ಹೇಳಿರದ ಶುಚಿ ಕೆಲಸಗಳನ್ನೆಲ್ಲ ವಾರಕ್ಕೆ ಎರಡು ಸಲ ಮಾಡಿ. ಬುಧವಾರ, ಭಾನುವಾರ ಎಂದು ದಿನ ಗೊತ್ತು ಮಾಡಿಕೊಂಡರೆ ಮರೆಯುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಜೋರಾಗಿ ತೊಳೆಯುವವರಿಗೆ ನೊಣ ಕಡಿಮೆಯಾಗದಿರುವುದು ಇದೇ ಕಾರಣಕ್ಕೆ: ನಡುವೆ ಒಂದು ತಲೆಮಾರು ಹಾರಿಹೋಗಿರುತ್ತದೆ.

ಹಂತ 1: ಯಾವ ನೊಣ ಎಂದು ನೋಡಿ

ಬೂದು ಬಣ್ಣದ್ದು, ಬೆನ್ನಿನ ಮೇಲೆ ನಾಲ್ಕು ಕಪ್ಪು ಗೆರೆ, ಊಟದ ಮೇಲೆ ಕೂರುತ್ತದೆ: ಮನೆನೊಣ. ಮೂಲವನ್ನು ಸಗಣಿ, ಕೋಳಿ ಗೊಬ್ಬರ, ಹಸಿ ಕಸದಲ್ಲಿ ಹುಡುಕಿ.

ಹೊಳೆಯುವ ಹಸಿರು ಅಥವಾ ನೀಲಿ, ಜೋರು ಸದ್ದು: ಮೂಲ ಮಾಂಸ, ಮೀನು, ಸತ್ತ ಇಲಿ. ಮನೆಯೊಳಗೆ ಇಂಥವು ಒಮ್ಮೆಲೇ ಹತ್ತಾರು ಕಂಡರೆ ಅಟ್ಟದಲ್ಲೋ ಹೆಂಚಿನ ಸಂದಿಯಲ್ಲೋ ಏನೋ ಸತ್ತಿದೆ.

ಮನೆನೊಣದಂತೆಯೇ ಕಂಡರೂ ದನದ ಕಾಲಿಗೆ ಕೂತು ಕಚ್ಚುವುದು, ದನ ಪದೇ ಪದೇ ಕಾಲು ಒದರುವುದು ಕಂಡರೆ ಅದು ಕಚ್ಚುವ ನೊಣ. ಗಂಜಲದಲ್ಲಿ ನೆನೆದ ಹುಲ್ಲು, ಗೋದಲಿಯ ಕೆಳಗೆ ಕೊಳೆತ ಮೇವು ಅದರ ತವರು. ಅದು ರಕ್ತ ಕುಡಿಯುವ ನೊಣವಾದ್ದರಿಂದ ಬೆಲ್ಲ–ಸಕ್ಕರೆಯ ಆಮಿಷಕ್ಕೆ ಬರುವುದಿಲ್ಲ.

ಬಾಳೆಹಣ್ಣಿನ ಗೊನೆ ಸುತ್ತ ಹಾರುವ, ಕೆಂಪು ಕಣ್ಣಿನ ಪುಟಾಣಿಗಳು ಹಣ್ಣಿನ ನೊಣ. ಬಚ್ಚಲಿನ ಗೋಡೆಯಲ್ಲಿ ಅಲ್ಲಾಡದೆ ಕೂರುವ, ರೋಮವಿರುವ ಚಿಕ್ಕ ರೆಕ್ಕೆಯವು ಮೋರಿ ನೊಣ. ಇವೆರಡಕ್ಕೂ ಕೊಟ್ಟಿಗೆ ಶುಚಿ ಮಾಡಿ ಪ್ರಯೋಜನವಿಲ್ಲ, ಅಡುಗೆಮನೆ ಮತ್ತು ಮೋರಿ ನೋಡಬೇಕು.

ಹಂತ 2: ಎಣಿಸಿ

ಅಂದಾಜಿನ ಮೇಲೆ ನಡೆದರೆ ಕೆಲಸ ಫಲಿಸಿತೋ ಇಲ್ಲವೋ ಗೊತ್ತಾಗುವುದಿಲ್ಲ. ಮೂರು ಇಂಚು ಅಗಲ, ಐದು ಇಂಚು ಉದ್ದದ ಬಿಳಿ ರಟ್ಟಿನ ಚೀಟಿಗಳನ್ನು ಕತ್ತರಿಸಿ, ನೊಣ ರಾತ್ರಿ ಕೂರುವ ಜಾಗದಲ್ಲಿ ಅಂಟಿಸಿ. ಚಾವಣಿಯ ತೊಲೆ, ಬಲ್ಬಿನ ವೈರು, ಕಿಟಕಿ ಚೌಕಟ್ಟಿನಲ್ಲಿ ನೊಣ ಕೂತು ಬಿಟ್ಟ ಕಪ್ಪು–ಕಂದು ಚುಕ್ಕೆಗಳಿದ್ದರೆ ಅದೇ ಜಾಗ. ಕೊಟ್ಟಿಗೆಗೆ ಐದಾರು ಚೀಟಿ, ಹೋಟೆಲಿಗೆ ಮೂರ್ನಾಲ್ಕು ಸಾಕು. ಒಂದು ವಾರ ಬಿಟ್ಟು ತೆಗೆದು ಚುಕ್ಕೆ ಎಣಿಸಿ, ಮೇಲೆ ದಿನಾಂಕ ಬರೆದಿಡಿ. ಹೈನು ಕೊಟ್ಟಿಗೆಗಳಿಗೆ ಚೀಟಿಯೊಂದಕ್ಕೆ ವಾರಕ್ಕೆ 100 ಚುಕ್ಕೆ ಎಂಬುದು ರೂಢಿಯಲ್ಲಿರುವ ಮಿತಿ. ಅದು ದಾಟಿದರೆ ಕ್ರಮ ಬೇಕು. ಆಹಾರದ ಉದ್ಯಮಕ್ಕೆ ಇಷ್ಟು ಸಡಿಲ ಕೊಡಲಾಗದು, ಅಲ್ಲಿ ಚುಕ್ಕೆ ವಾರದಿಂದ ವಾರಕ್ಕೆ ಏರತೊಡಗಿದರೇ ಎಚ್ಚರವಾಗಬೇಕು. ಚೀಟಿಯನ್ನು ಪ್ರತಿ ವಾರ ಅದೇ ಜಾಗದಲ್ಲೇ ಅಂಟಿಸಿ. ಜಾಗ ಬದಲಾದರೆ ಹೋಲಿಕೆ ಕೆಡುತ್ತದೆ.

ಹಂತ 3: ಹುಟ್ಟುವ ಜಾಗ ಕೆಡಿಸಿ

ಹೆಚ್ಚು ಶ್ರಮ ಹಾಕಬೇಕಾದ್ದು ಇಲ್ಲಿ. ಒಂದು ಚಿಕ್ಕ ಗುದ್ದಲಿ, ಟಾರ್ಚು ಹಿಡಿದು ಸುತ್ತಿ. ಮೇಲ್ಮೈ ನೋಡಿ ಬಿಡಬೇಡಿ, ಎರಡು–ಮೂರು ಇಂಚು ಕೆದಕಿ ನೋಡಿ.

*ಕೊಟ್ಟಿಗೆ.* ಹಾಸನ ಹಾಲು ಒಕ್ಕೂಟ ಹಾಮುಲ್‌ಗೆ ಹಾಲು ಹಾಕುವ ಮನೆಗಳಲ್ಲಿ ಈಗ ರಬ್ಬರ್ ಮ್ಯಾಟ್ ಸಾಮಾನ್ಯ. ಮೇಲೆ ದಿನಕ್ಕೆರಡು ಸಲ ನೀರು ಹೊಡೆಯುತ್ತಾರೆ, ಕೆಳಗೆ ನೋಡುವವರು ಕಡಿಮೆ. ಮ್ಯಾಟಿನ ಮೂಲೆ ಎತ್ತಿ ನೋಡಿ. ಸಗಣಿ, ಗಂಜಲ, ಹಿಂಡಿಯ ಚೂರು ಸೇರಿ ಕರಿ ರಾಡಿಯಾಗಿರುತ್ತದೆ. ಬೆಳಕು ಬಿದ್ದೊಡನೆ ಬಿಳಿ ಹುಳುಗಳು ಗೋಡೆಯ ಕಡೆಗೆ ಸರಿಯುತ್ತವೆ. ವಾರಕ್ಕೆ ಎರಡು ಸಲ ಮ್ಯಾಟನ್ನು ಪೂರ್ತಿ ಎತ್ತಿ, ಗೋಡೆಗೆ ಆನಿಸಿ, ನೆಲವನ್ನು ಗಟ್ಟಿ ಪೊರಕೆಯಿಂದ ಉಜ್ಜಿ, ಒಂದು ಗಂಟೆಯಾದರೂ ಒಣಗಲು ಬಿಡಿ. ನೆಲ ಗುಂಡಿ ಬಿದ್ದಿದ್ದರೆ ಸಿಮೆಂಟ್ ಹಾಕಿ, ಗಂಜಲದ ಕಾಲುವೆಯ ಕಡೆಗೆ ಇಳಿಜಾರು ಕೊಡಿ. ಹತ್ತು ಅಡಿಗೆ ಎರಡು ಇಂಚು ಇಳಿಜಾರಿದ್ದರೆ ನೀರು ನಿಲ್ಲುವುದಿಲ್ಲ.

ಕರುವಿನ ಜಾಗ ಇನ್ನೂ ಕೆಟ್ಟದ್ದು. ಚೆಲ್ಲಿದ ಹಾಲು, ಗಂಜಲ, ಹುಲ್ಲು ಮೂರೂ ಸೇರಿದ ಹಾಸು ನೊಣಕ್ಕೆ ಬೇಕಾದ್ದೆಲ್ಲ ಕೊಡುತ್ತದೆ. ಇಡೀ ಕೊಟ್ಟಿಗೆ ಲಕಲಕ ಹೊಳೆಯುತ್ತಿದ್ದರೂ ಕರುವಿನ ಮೂಲೆಯೊಂದರಿಂದಲೇ ಮನೆ ತುಂಬ ನೊಣ ಬರಬಹುದು. ಹಾಸನ್ನು ಮೂರು–ನಾಲ್ಕು ದಿನಕ್ಕೊಮ್ಮೆ ಪೂರ್ತಿ ತೆಗೆಯಿರಿ. ಮೇಲಿಂದ ಮೇಲೆ ಹೊಸ ಹುಲ್ಲು ಹರಡಿದರೆ ಹುಳುವಿಗೆ ಹೊದಿಕೆ ಕೊಟ್ಟಂತೆ. ಗೋದಲಿಯ ಮೂಲೆ, ಕಲಗಚ್ಚಿನ ಬಾನಿಯ ಅಡಿ, ರಸಮೇವಿನ ಚೀಲದಿಂದ ನೀರು ಸೋರುವ ಅಂಚು, ಇವನ್ನೂ ನೋಡಿ. ತೊಳೆದ ನೆಲ ಒಣಗಿದ ಮೇಲೆ ಸುಣ್ಣದ ಪುಡಿ ತೆಳುವಾಗಿ ಉದುರಿಸಿದರೆ ತೇವ ಹೀರುತ್ತದೆ. ಗಂಜಲ ಇರುವ ಕಡೆ ಬ್ಲೀಚಿಂಗ್ ಪೌಡರ್ ಮಾತ್ರ ಬೇಡ. ಎರಡೂ ಸೇರಿ ಏಳುವ ವಿಷಗಾಳಿ ದನಕ್ಕೂ ನಿಮಗೂ ಕೆಡುಕು.

*ತಿಪ್ಪೆ.* ದಿನಾ ಒಂದು ಬುಟ್ಟಿ ಸಗಣಿ ತೆಳುವಾಗಿ ಎಸೆದು ಹೋಗುವ ತಿಪ್ಪೆ ಎಂದೂ ಬಿಸಿಯಾಗುವುದಿಲ್ಲ. ಕನಿಷ್ಠ ಮೂರು ಅಡಿ ಉದ್ದ, ಅಗಲ, ಎತ್ತರದ ಒತ್ತಾದ ರಾಶಿ ಇದ್ದರೆ ಒಳಗೆ 55–60 ಡಿಗ್ರಿ ಸೆಲ್ಸಿಯಸ್ ಏರುತ್ತದೆ, ಅಷ್ಟು ಬಿಸಿಯಲ್ಲಿ ಮೊಟ್ಟೆ, ಹುಳು ಉಳಿಯುವುದಿಲ್ಲ. ತೊಂದರೆ ಏನೆಂದರೆ ಒಳಗೆ ಬಿಸಿಯಾದಂತೆ ಹುಳುಗಳು ಹೊರಗಿನ ನಾಲ್ಕಾರು ಇಂಚಿನ ತಂಪು ಪದರಕ್ಕೆ ಬಂದುಬಿಡುತ್ತವೆ. ಆದ್ದರಿಂದ ಐದು ದಿನಕ್ಕೊಮ್ಮೆ ಹೊರಗಿನದನ್ನು ಒಳಗೆ, ಒಳಗಿನದನ್ನು ಹೊರಗೆ ಹಾಕಿ ತಿರುವಿ. ಪ್ರತಿ ದಿನದ ಸಗಣಿಯ ಮೇಲೆ ಒಣ ದರಗು ಅಥವಾ ಕಾಫಿ ಹೊಟ್ಟನ್ನು ಒಂದು ಗೇಣು ಹರಡಿ. ಮುಷ್ಟಿಯಲ್ಲಿ ಹಿಂಡಿದರೆ ನೀರು ಜಿನುಗಬಾರದು, ಜಿನುಗಿದರೆ ಇನ್ನಷ್ಟು ಒಣ ಎಲೆ ಸೇರಿಸಿ. ಮೇಲೆ ದಪ್ಪ ಕಪ್ಪು ಟಾರ್ಪಾಲು ಹೊದಿಸಿ, ಅಂಚನ್ನು ಮಣ್ಣಿನಿಂದ ಮುಚ್ಚಿ. ಅಂಚು ಮುಚ್ಚದ ಟಾರ್ಪಾಲು ನೊಣಕ್ಕೆ ನೆರಳು ಮತ್ತು ತೇವ ಕೊಟ್ಟು ಉಪಕಾರವನ್ನೇ ಮಾಡುತ್ತದೆ. ಮಳೆಗಾಲದಲ್ಲಿ ಟಾರ್ಪಾಲು ಇಲ್ಲದ ತಿಪ್ಪೆ ಎಷ್ಟು ತಿರುವಿದರೂ ಬಿಸಿಯಾಗದು.

ತಿಪ್ಪೆ ಮನೆಯಿಂದ ದೂರವಿದ್ದಷ್ಟೂ ಒಳ್ಳೆಯದು. ಆದರೆ ಮನೆನೊಣ ಆಹಾರ ಹುಡುಕಿಕೊಂಡು ಒಂದೆರಡು ಕಿಲೋಮೀಟರ್ ಹಾರಬಲ್ಲದು, ಹಾಗಾಗಿ ದೂರವನ್ನಷ್ಟೇ ನಂಬಬೇಡಿ. ತಿಪ್ಪೆಯ ಸುತ್ತ ನಾಟಿಕೋಳಿ ಬಿಟ್ಟರೆ ಅಂಚಿನ ಹುಳು, ಕೋಶಗಳನ್ನು ಕೆದಕಿ ತಿನ್ನುತ್ತವೆ. ಇದಕ್ಕೆ ಖರ್ಚೂ ಇಲ್ಲ. ಗೋಬರ್ ಗ್ಯಾಸ್ ಇರುವವರು ಸಗಣಿಯನ್ನು ಅದೇ ದಿನ ತೊಟ್ಟಿಗೆ ಕಲಸಿ ಬಿಡಿ. ಹೊರಬರುವ ಬಗ್ಗಡದ ಗುಂಡಿಯ ಅಂಚಿನಲ್ಲಿ ಅರೆಒಣಗಿದ ಕೆನೆ ಕಟ್ಟದಂತೆ ಆಗಾಗ ಕಲಕಿ.

*ಕೋಳಿ ಗೊಬ್ಬರ.* ಶುಂಠಿ, ಕಾಫಿ, ಮೆಣಸಿಗೆ ಲಾರಿಗಟ್ಟಲೆ ತರಿಸುವ ಈ ಗೊಬ್ಬರದಿಂದ ಊರಿಗೆ ಊರೇ ನೊಣ ತುಂಬುವುದುಂಟು. ಮಾಂಸದ ಕೋಳಿಯ ಗೊಬ್ಬರ ಹೊಟ್ಟಿನ ಜೊತೆ ಬರುವುದರಿಂದ ಒಣಗಿರುತ್ತದೆ. ಮೊಟ್ಟೆ ಕೋಳಿಯ ಗೂಡಿನ ಕೆಳಗಿನದು ಹಸಿ, ಹೆಚ್ಚಿನ ತೊಂದರೆ ಅದರದೇ. ಲಾರಿಯಿಂದ ಇಳಿಸುವ ಮೊದಲು ನಾಲ್ಕೈದು ಕಡೆ ಕೈಯಳತೆ ಆಳ ಕೆದಕಿ ನೋಡಿ. ಹುಳು ಓಡಾಡುತ್ತಿದ್ದರೆ ತಿರುಗಿ ಕಳಿಸಿ. ಇಳಿಸಿದ್ದನ್ನು ಎರಡು ದಿನದೊಳಗೆ ಹರಡಿ ಮಣ್ಣಿಗೆ ಸೇರಿಸಿ, ಆಗದಿದ್ದರೆ ಅಂದೇ ಟಾರ್ಪಾಲು ಮುಚ್ಚಿ. ಮಳೆ ಬರುವ ಸೂಚನೆ ಇರುವಾಗ ತರಿಸಲೇಬೇಡಿ. ಒಣ ಗೊಬ್ಬರ ಒಮ್ಮೆ ನೆನೆದರೆ ವಾರದಲ್ಲಿ ಹುಳು ತುಂಬುತ್ತದೆ.

*ಕಾಫಿ ಸಿಪ್ಪೆ, ಹಲಸು.* ಪಲ್ಪರ್‌ನಿಂದ ಬಿದ್ದ ಹಸಿ ಸಿಪ್ಪೆಯನ್ನು ಹರಡಿ ಬಿಡದೆ ಒಂದೇ ಕಡೆ ಎತ್ತರಕ್ಕೆ ರಾಶಿ ಹಾಕಿ, ಹಳೆಯ ಗೊಬ್ಬರ ಮತ್ತು ಒಣ ಎಲೆ ಬೆರೆಸಿ ತಿಪ್ಪೆಯ ಹಾಗೆಯೇ ಮುಚ್ಚಿ, ತಿರುವಿ. ರಸ ಹರಿದು ನಿಲ್ಲುವ ಗುಂಡಿಗಳನ್ನು ಮಣ್ಣು ತುಂಬಿ ಮುಚ್ಚಿ. ಸಖರಾಯಪಟ್ಟಣದಂಥ ಹಲಸಿನ ಸೀಮೆಯಲ್ಲಿ ಸಿಪ್ಪೆ, ಗೂಂಜನ್ನು ಅಂದೇ ದನಕ್ಕೆ ಹಾಕಿ. ಉಳಿದದ್ದನ್ನು ಹೂಳಿ ಮೇಲೆ ಒಂದೂವರೆ ಅಡಿ ಮಣ್ಣು ಹಾಕಿ ತುಳಿದು ಗಟ್ಟಿ ಮಾಡಿ. ಸಡಿಲ ಮಣ್ಣಾದರೆ ಕೋಶದಿಂದ ಬಂದ ನೊಣ ಅದನ್ನು ಸೀಳಿಕೊಂಡು ಮೇಲೆ ಬರುತ್ತದೆ. ಮದುವೆ, ಜಾತ್ರೆಯ ಊಟದೆಲೆಗೂ ಇದೇ ಮಾತು.

*ಅಡುಗೆಮನೆ, ಮೋರಿ.* ಕಸದ ಬಕೆಟ್ಟನ್ನು ದಿನಾ ಖಾಲಿ ಮಾಡಿದರೂ ತಳದಲ್ಲಿ ಅಂಟಿದ ರಸದಲ್ಲಿ ಹುಳು ಬೆಳೆಯುತ್ತದೆ. ಎರಡು ಬಕೆಟ್ ಇಟ್ಟುಕೊಳ್ಳಿ: ಒಂದು ಬಳಕೆಯಲ್ಲಿ, ಇನ್ನೊಂದು ತೊಳೆದು ಬಿಸಿಲಿಗೆ ಕವುಚಿ. ಹಸಿ ಕಸವನ್ನು ಪೇಪರಿನಲ್ಲಿ ಸುತ್ತಿ ಹಾಕಿದರೆ ತೇವ ಕಡಿಮೆ. ಮೋರಿ ನೊಣದ ಅನುಮಾನ ಬಂದರೆ ರಾತ್ರಿ ಮೋರಿಯ ಜಾಲರಿಗೆ ಸೆಲ್ಲೋ ಟೇಪನ್ನು ಅಂಟಿನ ಬದಿ ಕೆಳಗೆ ಮಾಡಿ, ಗಾಳಿಯಾಡಲು ಸಂದಿ ಬಿಟ್ಟು ಅಂಟಿಸಿ. ಬೆಳಿಗ್ಗೆ ನೊಣ ಅಂಟಿದ್ದರೆ ಮೂಲ ಅದೇ. ಕುದಿನೀರು, ಆ್ಯಸಿಡ್ ಸುರಿದರೆ ಪೈಪಿನ ಒಳಗೋಡೆಯ ಲೋಳೆಯ ಮೇಲಿಂದ ಹರಿದುಹೋಗುತ್ತದೆ, ಹುಳು ಲೋಳೆಯೊಳಗೆ ಕ್ಷೇಮ. ಉದ್ದ ಹಿಡಿಯ ಬ್ರಷ್ಷಿನಿಂದ ಸೋಪು ನೀರು ಹಾಕಿ ಕೆರೆದು, ಆಮೇಲೆ ಬಿಸಿನೀರು ಬಿಡಿ. ವಾರ ಪೂರ್ತಿ ದಿನಾ, ಆಮೇಲೆ ವಾರಕ್ಕೊಮ್ಮೆ.

ಹಂತ 4: ಒಳಬರುವ ದಾರಿ ಮುಚ್ಚಿ

ಮನೆಗೆ ಸೊಳ್ಳೆ ಜಾಲರಿಯೇ ಸಾಕು, ಅದರ ಕಣ್ಣಿಗಿಂತ ನೊಣ ದೊಡ್ಡದು. ಜಾಲರಿ ಹರಿಯುವುದಕ್ಕಿಂತ ಹೆಚ್ಚಾಗಿ ಚೌಕಟ್ಟಿನ ಅಂಚಿನಲ್ಲಿ ಸಂದಿ ಬಿಟ್ಟು ಕೆಡುತ್ತದೆ. ಕಾಲು ಇಂಚು ಸಂದಿ ಇದ್ದರೂ ಹಾಕಿದ ಖರ್ಚು ದಂಡ. ಜಾಲರಿ ಬಾಗಿಲು ಹೊರಗೆ ತೆರೆದುಕೊಳ್ಳುವಂತಿರಲಿ, ತಾನಾಗಿ ಮುಚ್ಚುವ ಸ್ಪ್ರಿಂಗ್ ಇರಲಿ.

ಹೋಟೆಲು, ಬೇಕರಿ, ಹೋಂಸ್ಟೇ ಅಡುಗೆಮನೆಗೆ ಇದಕ್ಕಿಂತ ಹೆಚ್ಚು ಬೇಕು. ಆಹಾರ ಸುರಕ್ಷತೆಯ 2011ರ ಪರವಾನಗಿ ನಿಯಮಗಳ 4ನೇ ಅನುಸೂಚಿಯಲ್ಲಿ ಕೀಟ ನಿಯಂತ್ರಣ ಆಹಾರ ಉದ್ಯಮದ ಹೊಣೆಯೆಂದೇ ಇದೆ. ಸಾಮಾನು ಇಳಿಸುವ ಬಾಗಿಲಿಗೆ ಪಿವಿಸಿ ಪಟ್ಟಿ ಪರದೆ ಹಾಕುವಾಗ ಒಂದು ಪಟ್ಟಿಯ ಅರ್ಧದಷ್ಟಾದರೂ ಪಕ್ಕದ ಪಟ್ಟಿಯ ಮೇಲೆ ಬರಬೇಕು, ತುದಿ ನೆಲ ಮುಟ್ಟಬೇಕು. ಓಡಾಟಕ್ಕೆ ಅಡ್ಡಿಯೆಂದು ಕೆಲಸದವರು ಪಟ್ಟಿಗಳನ್ನು ಗಂಟು ಕಟ್ಟಿ ಮೇಲೆ ಸಿಕ್ಕಿಸುವುದನ್ನು ಎಲ್ಲೆಲ್ಲೂ ನೋಡಬಹುದು. ಅಂಥ ಬಾಗಿಲಿಗೆ ಮೇಲಿನಿಂದ ಗಾಳಿ ಊದಿ ನೊಣ ತಡೆಯುವ ಏರ್ ಕರ್ಟನ್ ಮೇಲು.

ಏರ್ ಕರ್ಟನ್ ಬಾಗಿಲಿನಷ್ಟೇ ಅಥವಾ ತುಸು ಹೆಚ್ಚು ಅಗಲ ಇರಬೇಕು, ಗಾಳಿಯ ಮುಖ ಹೊರಗೆ ಸ್ವಲ್ಪ ವಾಲಿರಬೇಕು. ಪರೀಕ್ಷೆ ಸುಲಭ: ನೆಲದಿಂದ ಒಂದು ಗೇಣು ಎತ್ತರದಲ್ಲಿ ಟಿಶ್ಯೂ ಕಾಗದ ಹಿಡಿಯಿರಿ. ಬಾಗಿಲಿನ ಉದ್ದಕ್ಕೂ ಅದು ಹೊರಗಡೆಗೆ ಜೋರಾಗಿ ಹಾರಬೇಕು. ಒಳಗಡೆಗೆ ಹಾರಿದರೆ ಎಕ್ಸಾಸ್ಟ್ ಫ್ಯಾನ್ ನೋಡಿ. ಅಡುಗೆಮನೆಯ ದೊಡ್ಡ ಎಕ್ಸಾಸ್ಟ್ ಗಾಳಿಯನ್ನು ಹೊರಗೆ ಎಳೆಯುವಾಗ ಬೇರೆ ದಾರಿ ಇಲ್ಲದಿದ್ದರೆ ಬಾಗಿಲಿನಿಂದಲೇ ಗಾಳಿ ಒಳನುಗ್ಗುತ್ತದೆ, ನೊಣವೂ ಜೊತೆಗೆ ಬರುತ್ತದೆ. ಜಾಲರಿ ಹಾಕಿದ ಕಿಟಕಿಯೊಂದನ್ನು ಎಕ್ಸಾಸ್ಟ್‌ಗೆ ಎದುರು ಗೋಡೆಯಲ್ಲಿ ತೆರೆದಿಟ್ಟರೆ ಇದು ಸರಿಹೋಗುತ್ತದೆ.

ಹಂತ 5: ಉಳಿದವನ್ನು ಹಿಡಿಯಿರಿ

ಹೋಟೆಲಿನ ನೀಲಿ ದೀಪದ ಯಂತ್ರವನ್ನು ತಪ್ಪು ಜಾಗದಲ್ಲಿ ಹಾಕಿ ಹಣ ಕಳೆದುಕೊಳ್ಳುವವರೇ ಹೆಚ್ಚು. ಹೊರಗಿನಿಂದ ಕಾಣುವಂತೆ ಬಾಗಿಲಿಗೆದುರು ಹಾಕಿದರೆ ಬೀದಿಯ ನೊಣವನ್ನು ಕರೆದಂತೆ. ಕಿಟಕಿಗೆದುರು ಹಾಕಿದರೆ ಹಗಲು ಬೆಳಕಿನ ಮುಂದೆ ಅದು ಸೋಲುತ್ತದೆ. ಬೆಳಕು ಬರುವ ದಿಕ್ಕಿಗೆ ಅಡ್ಡಲಾದ ಗೋಡೆಯಲ್ಲಿ, ನೆಲದಿಂದ ಐದಾರು ಅಡಿ ಎತ್ತರದಲ್ಲಿ, ಬಾಗಿಲಿಗೂ ಅಡುಗೆ ಕಟ್ಟೆಗೂ ನಡುವೆ ಹಾಕಿ. ಕರೆಂಟು ಹೊಡೆದು ಸಿಡಿಸುವ ಮಾದರಿಯಲ್ಲಿ ನೊಣದ ಚೂರು ಸುತ್ತ ಹಾರುತ್ತವೆ, ಆಹಾರ ಇರುವ ಕೋಣೆಗೆ ಅಂಟು ಹಾಳೆಯ ಮಾದರಿಯೇ ಬೇಕು. ಹಾಳೆ ತಿಂಗಳಿಗೊಮ್ಮೆ, ಟ್ಯೂಬು ವರ್ಷಕ್ಕೊಮ್ಮೆ ಬದಲಿಸಿ. ಕಣ್ಣಿಗೆ ಉರಿಯುತ್ತಿರುವಂತೆ ಕಂಡರೂ ನೊಣವನ್ನು ಸೆಳೆಯುವ ನೇರಳಾತೀತ ಕಿರಣ ಅಷ್ಟರಲ್ಲಿ ಕುಂದಿರುತ್ತದೆ. ಮಾರ್ಚ್‌ನಲ್ಲಿ ಬದಲಿಸಿದರೆ ನೊಣದ ಹಂಗಾಮಿಗೆ ಹೊಸ ಟ್ಯೂಬು ಸಿಗುತ್ತದೆ.

ಮನೆ ಅಂಗಳಕ್ಕೆ ಬಾಟಲಿ ಬಲೆ ಸಾಕು. ಎರಡು ಲೀಟರ್ ಬಾಟಲಿಯ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ, ಮುಚ್ಚಳ ತೆಗೆದು ತಲೆಕೆಳಗಾಗಿ ಒಳಗೆ ಕೂರಿಸಿ, ಅಂಚಿಗೆ ಟೇಪು ಸುತ್ತಿ. ಕಾಲು ಲೀಟರ್ ನೀರು, 50 ಗ್ರಾಂ ಬೆಲ್ಲ, ಒಂದು ಚಿಕ್ಕ ಚೂರು ಮೀನು ಹಾಕಿ. ಎರಡು–ಮೂರು ದಿನಕ್ಕೆ ಹುಳಿಬಂದು ವಾಸನೆ ಎದ್ದಾಗ ನೊಣ ಬೀಳತೊಡಗುತ್ತವೆ. ಬಾಗಿಲಿನಿಂದ ಮೂವತ್ತು ಅಡಿಯಾದರೂ ಆಚೆ, ಬಿಸಿಲು ಬೀಳುವ ಕಡೆ ತೂಗುಹಾಕಿ. ಜಗುಲಿಯಲ್ಲೇ ಕಟ್ಟಿದರೆ ಇನ್ನಷ್ಟು ನೊಣ ಮನೆಗೆ ಬರುತ್ತವೆ. ಐದು ದಿನಕ್ಕೊಮ್ಮೆ ಖಾಲಿ ಮಾಡಿ ಹೂಳಿ, ತಪ್ಪಿದರೆ ಬಲೆಯೊಳಗೇ ಹುಳು ಬೆಳೆಯುತ್ತದೆ. ಹಣ್ಣಿನ ನೊಣಕ್ಕೆ ಲೋಟದ ಮೂರನೇ ಒಂದು ಭಾಗ ವಿನೆಗರ್, ಒಂದು ಚಮಚ ಬೆಲ್ಲ, ಎರಡು–ಮೂರು ಹನಿ ಪಾತ್ರೆ ತೊಳೆಯುವ ದ್ರವ. ಸೋಪಿಲ್ಲದಿದ್ದರೆ ನೊಣ ದ್ರವದ ಮೇಲೆ ಕೂತು ಕುಡಿದು ಹಾರಿಹೋಗುತ್ತದೆ.

ನೀರು ತುಂಬಿದ ಪ್ಲಾಸ್ಟಿಕ್ ಕವರ್ ತೂಗುಹಾಕುವುದರಿಂದ ನೊಣ ಕಡಿಮೆಯಾಗುವುದಿಲ್ಲ. ಮಜ್ಜಿಗೆಹುಲ್ಲಿನ ಎಣ್ಣೆ ಒಂದೆರಡು ಗಂಟೆ ದೂರವಿಡುತ್ತದೆ, ಅಷ್ಟೇ.

ಹಂತ 6: ಔಷಧ, ಕೊನೆಗೆ

ತೋಟದ ಗೋದಾಮುಗಳಲ್ಲಿ ಹಳೆಯ ನುವಾನ್ ಬಾಟಲಿ ಇನ್ನೂ ಇದ್ದರೆ ಅದನ್ನು ನೊಣಕ್ಕೆ ಬಳಸಬೇಡಿ. ಅದರಲ್ಲಿರುವ ಡೈಕ್ಲೋರ್ವಾಸ್ ಅನ್ನು ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಪೂರ್ತಿ ನಿಷೇಧಿಸಲಾಗಿದೆ. ಮನೆ, ಕೊಟ್ಟಿಗೆಗೆ ಕೊಳ್ಳುವಾಗ ಡಬ್ಬಿಯ ಮೇಲೆ ನೊಣಕ್ಕೆ ಎಂದು ಬರೆದಿದೆಯೇ ನೋಡಿ. ತ್ರಿಕೋನದ ಬಣ್ಣವನ್ನೂ ನೋಡಿ: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಕೆಂಪು, ಹಳದಿ ಮನೆಯೊಳಗೆ ಬೇಡ.

ನೊಣದ ಕಾಳು ಆಮಿಷವನ್ನು ತಟ್ಟೆಯಲ್ಲಿಟ್ಟು ಮಕ್ಕಳು, ನಾಯಿ, ಕೋಳಿಗೆ ಎಟುಕದ ಕಡೆ, ಹಾಲಿನ ಕ್ಯಾನಿನಿಂದ ದೂರ ಇಡಿ. ಬೆಲ್ಲದ ನೀರಿಗೆ ಕೀಟನಾಶಕ ಬೆರೆಸಿ ಬಯಲಲ್ಲಿ ಇಡುವ ಮನೆಮದ್ದು ಮಾಡಲೇಬೇಡಿ. ಜೇನು ಬಂದು ಕುಡಿಯುತ್ತದೆ. ರೋಬಸ್ಟಾ ಕಾಫಿ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಹೂವಿನ ಕಾಲದಲ್ಲಿ ಜೇನು ಸತ್ತರೆ ನಷ್ಟ ನಿಮ್ಮ ತೋಟಕ್ಕೇ.

ಗೋಡೆಗೆ ಸಿಂಪಡಿಸುವುದಾದರೆ ಚೀಟಿ ಅಂಟಿಸಿದ್ದ, ನೊಣ ರಾತ್ರಿ ಕೂರುವ ಜಾಗಕ್ಕೆ ಮಾತ್ರ. ಹಾಲು, ಮೇವು, ನೀರಿನ ತೊಟ್ಟಿ ಮುಚ್ಚಿ, ದನ ಹೊರಗೆ ಕಟ್ಟಿ. ಒಂದೇ ಗುಂಪಿನ ಔಷಧ ವರ್ಷವಿಡೀ ಹೊಡೆದರೆ ನೊಣ ಅದಕ್ಕೆ ಒಗ್ಗಿಹೋಗುತ್ತದೆ, ಮುಂದಿನ ಸಲ ಬೇರೆ ಗುಂಪಿನದು ಬಳಸಿ. ತಿಪ್ಪೆಯ ಮೇಲೆ ಹೊಡೆಯಬೇಡಿ: ನೊಣದ ಮೊಟ್ಟೆ, ಹುಳುವನ್ನು ತಿನ್ನುವ ಜೀರುಂಡೆ, ನುಸಿಗಳು ಮೊದಲು ಸಾಯುತ್ತವೆ.

ಹಂತ 7: ಮೂರು ವಾರ ಕಾದು ನೋಡಿ

ಮೊದಲ ಹತ್ತು ದಿನ ನೊಣ ಕಡಿಮೆಯಾದಂತೆ ಕಾಣದಿರಬಹುದು. ಮಣ್ಣಿನಲ್ಲಿ ಮೊದಲೇ ಇದ್ದ ಕೋಶಗಳಿಂದ ಹೊಸವು ಬರುತ್ತಿರುತ್ತವೆ, ಹಾರುತ್ತಿರುವವೂ ಎರಡರಿಂದ ನಾಲ್ಕು ವಾರ ಬದುಕುತ್ತವೆ. ಕೆಲಸ ನಿಲ್ಲಿಸಬೇಡಿ. ಮೂರನೇ ವಾರದ ಚೀಟಿಯಲ್ಲಿ ಚುಕ್ಕೆ ಮೊದಲ ವಾರದ ಅರ್ಧಕ್ಕಿಂತ ಕೆಳಗಿಳಿದಿದ್ದರೆ ದಾರಿ ಸರಿಯಿದೆ. ಇಳಿಯದಿದ್ದರೆ ಎರಡರಲ್ಲೊಂದು: ಒಂದು ಜಾಗ ನಿಮ್ಮ ಕಣ್ಣಿಗೆ ತಪ್ಪಿದೆ, ಇಲ್ಲವೇ ಮೂಲ ಹೊರಗಿದೆ. ಮ್ಯಾಟು, ಕರುವಿನ ಹಾಸು, ಮೋರಿಯನ್ನು ಇನ್ನೊಮ್ಮೆ ಕೆದಕಿ. ಅಲ್ಲಿ ಏನೂ ಸಿಗದಿದ್ದರೆ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ನಡೆದು ಕೋಳಿ ಫಾರಂ, ಗೊಬ್ಬರದ ರಾಶಿ, ಕಸ ಸುರಿಯುವ ಜಾಗ ನೋಡಿ. ಪಕ್ಕದವರದಾದರೆ ಹುಳು ತೋರಿಸಿ ಮಾತಾಡಿ, ಟಾರ್ಪಾಲಿನ ಖರ್ಚು ಹಂಚಿಕೊಳ್ಳುತ್ತೇವೆಂದರೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಪಿಡಿಒಗೆ, ಪಟ್ಟಣದಲ್ಲಿ ನಗರಾಡಳಿತದ ಆರೋಗ್ಯ ನಿರೀಕ್ಷಕರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಜಾಗದ ಫೋಟೊ ಮತ್ತು ದಿನಾಂಕ ಬರೆದ ಮೂರು ವಾರದ ಚೀಟಿಗಳನ್ನು ಜೊತೆಗೆ ಲಗತ್ತಿಸಿ.